ಭಾಗಮಂಡಲ ಪರಿಸರದ ಬಡಗಿ ವೃತ್ತಿ: ಉಪಕರಣ ಮತ್ತು ಕ್ರಿಯಾಪದ

ಕನ್ನಡ ವೃತ್ತಿಪದಗಳ ಅಧ್ಯಯನ ಬಹುಮಟ್ಟಿಗೆ ಉಪಕರಣಗಳ ಹೆಸರಿನಿಂದ ಆರಂಭವಾಗಿ ಅಲ್ಲಿಯೇ ನಿಂತುಬಿಡುತ್ತದೆ. 'ಬಡಗಿ' ಎಂಬುದು ಸಂಸ್ಕೃತ 'ವರ್ಧಕಿ'ಯ ತದ್ಭವ, 'ಗರಗಸ' 'ಕ್ರಕಚ'ದ ತದ್ಭವ, 'ಉಳಿ' ತಮಿಳು-ಮಲಯಾಳಗಳಲ್ಲಿಯೂ ಇರುವ ದ್ರಾವಿಡ ಶಬ್ದ. ಇಷ್ಟು ತಿಳಿದ ಮೇಲೂ ಉಳಿ ಹಿಡಿದ ಕೈ ಏನು ಮಾಡುತ್ತದೆ ಎಂಬುದು ತಿಳಿಯದೆ ಉಳಿಯುತ್ತದೆ. ಆ ತಿಳಿವಳಿಕೆ ಇರುವುದು ನಾಮಪದದಲ್ಲಲ್ಲ, ಕ್ರಿಯಾಪದದಲ್ಲಿ.

ಈ ದೃಷ್ಟಿಯಿಂದ ಕೊಡಗಿನ ಭಾಗಮಂಡಲ ಪರಿಸರ ಗಮನಾರ್ಹವಾದುದು. ಕಾವೇರಿ-ಕನ್ನಿಕೆಯರ ಸಂಗಮದ ಈ ಪ್ರದೇಶದಲ್ಲಿ ವಾರ್ಷಿಕ ಮಳೆ ಸಾಮಾನ್ಯವಾಗಿ ಐದು ಸಾವಿರ ಮಿಲಿಮೀಟರನ್ನು ಮೀರುತ್ತದೆ. ಭಗಂಡೇಶ್ವರ ದೇವಾಲಯದ ಇಳಿಜಾರು ಮಾಡು ಮತ್ತು ಮರದ ಕೆತ್ತನೆ ಕೇರಳ ಶೈಲಿಯವು. ಸುತ್ತಣ ಐನ್‌ಮನೆಗಳ ಕಂಬ, ಬಾಗಿಲುವಾಡ, ಕಯ್ಯಾಲೆಯ ಕಂಬಗಳ ನಡುವೆ ಹಿರಿಯರು ಕುಳಿತುಕೊಳ್ಳುವ ಐಮರ ಎಲ್ಲವೂ ಬಡಗಿಯ ಕೆಲಸವೇ. ಕೊಡಗಿನಲ್ಲಿ ಮರಗೆಲಸ ಮತ್ತು ಕಮ್ಮಾರಿಕೆ ಪರಂಪರೆಯಿಂದ ಐರಿ ಸಮುದಾಯದವರ ವೃತ್ತಿ.

ಬಯಲುಸೀಮೆಯ ಬಡಗಿ ಊರಿನ ಆಯಗಾರರಲ್ಲೊಬ್ಬ. ರೈತ ನೇಗಿಲು ಹೊತ್ತು ಅವನಲ್ಲಿಗೆ ಬರುತ್ತಿದ್ದ. ಮನೆಗಳು ಗದ್ದೆ-ತೋಟಗಳ ನಡುವೆ ಚದುರಿರುವ ಕೊಡಗಿನಲ್ಲಿ ಮನೆಗೆಲಸವಿದ್ದಾಗ ಬಡಗಿಯೇ ಹೋಗಬೇಕು. ಮರ ಮನೆಯವರದು, ಉಪಕರಣ ಮಾತ್ರ ಅವನದು. ಗದ್ದೆಗೆ ಹೊಂದಿದ ಬಾಣೆ ಜಮೀನಿನಿಂದ ಮನೆ ಮತ್ತು ಬೇಸಾಯದ ಬಳಕೆಗೆ ಮರ ಪಡೆಯುವ ಹಕ್ಕು ಹಿಡುವಳಿದಾರನಿಗಿತ್ತು. 1899ರ ಕೊಡಗು ಭೂಕಂದಾಯ ಕಾನೂನು ಈ ವ್ಯವಸ್ಥೆಗೆ ಲಿಖಿತ ರೂಪ ಕೊಟ್ಟಿತು. ಹೀಗಾಗಿ ತನಗೆ ಒಪ್ಪುವ ಮರವನ್ನು ಪೇಟೆಯಿಂದ ಆರಿಸಿ ತರುವ ಅನುಕೂಲ ಬಡಗಿಗೆ ವಿರಳ. ಬಾಣೆಯಲ್ಲಿ ಬೆಳೆದ ಹಲಸೋ ಮತ್ತಿಯೋ, ಅದು ಹೇಗೆ ತಿರುಚಿಕೊಂಡಿದೆಯೋ ಹಾಗೆಯೇ ಅದನ್ನು ಓದಿಕೊಳ್ಳಬೇಕಾಗಿತ್ತು.

ಈ ಓದಿನ ವ್ಯಾಕರಣವೇ ಅವನ ಕ್ರಿಯಾಪದಗಳು. ಸೀಳುವುದು ಎಳೆಯ ಉದ್ದಕ್ಕೆ. ಅಲ್ಲಿ ಮರ ತಾನೇ ದಾರಿ ತೋರುತ್ತದೆ. ಕೊಯ್ಯುವುದು ಗರಗಸದಿಂದ, ಎಳೆಯನ್ನು ಲೆಕ್ಕಿಸದೆ. ಬಾಚಿಯಿಂದ ಕೆತ್ತುವುದು ಒರಟು ಮೈಯನ್ನು ಚೌಕಕ್ಕೆ ತರಲು. ಕೀಸುಳಿಯಿಂದ ಕೀಸುವಾಗ ಎಳೆ ಏರುವ ದಿಕ್ಕಿಗೇ ಹೋಗಬೇಕು, ಎದುರಾದರೆ ಮೈ ಕಿತ್ತುಬರುತ್ತದೆ. ಬೈರಿಗೆಯಿಂದ ಕೊರೆದದ್ದು ತೂತು; ಉಳಿ-ಕೊಡತಿಗಳಿಂದ ತೋಡಿದ್ದು ಕುಳಿ. ಕುಳಿಯೊಳಕ್ಕೆ ಇನ್ನೊಂದು ತುಂಡಿನ ಮೊನೆಯನ್ನು ಕೂಡಿಸಿ ಅಡ್ಡಲಾಗಿ ಮರದ ಮೊಳೆ ಬಡಿಯುವ ಬೆಸುಗೆ ಇಂತಹ ಮಳೆನಾಡಿಗೆ ಹೇಳಿಮಾಡಿಸಿದ್ದು: ಕಬ್ಬಿಣದ ಮೊಳೆ ತೇವಕ್ಕೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ, ಮರದ ಮೊಳೆಯಾದರೋ ಮರದೊಡನೆಯೇ ಉಬ್ಬಿ ಕುಗ್ಗುತ್ತದೆ. ಹಾಳಾದ ತುಂಡನ್ನು ಮಾತ್ರ ಬಿಡಿಸಿ ಬದಲಾಯಿಸಲೂ ಬರುತ್ತದೆ. ಮೇಲೆ ಹೇಳಿದ ಕ್ರಿಯಾಪದಗಳಿಗೆ ನಿಘಂಟುಗಳು ಹೆಚ್ಚುಕಡಿಮೆ ಒಂದೇ ಬಗೆಯ ಅರ್ಥ ಕೊಡುತ್ತವೆ. ಬಡಗಿಗೆ ಒಂದರ ಬದಲು ಇನ್ನೊಂದು ಬಂದರೆ ತೊಲೆಯೇ ಹಾಳು.

ಬದಲಾವಣೆ ಹೊಸದೇನಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಹುಲ್ಲಿನ ಮಾಡು ಅಂಕುಡೊಂಕನ್ನು ಸಹಿಸುತ್ತದೆ, ಹೆಂಚು ಸಹಿಸದು. ಪಕ್ಕಾಸುಗಳು ಒಂದೇ ಮಟ್ಟಕ್ಕೆ, ರೀಪುಗಳು ಸಮಾನ ಅಂತರಕ್ಕೆ ಬರಬೇಕು. ಹೆಂಚು ಬಡಗಿಯ ಕೆಲಸವನ್ನು ಕಸಿಯಲಿಲ್ಲ, ಹೆಚ್ಚಿಸಿತು, ಶಬ್ದಕೋಶಕ್ಕೂ ಸೇರಿಸಿತು. ವಿದ್ಯುತ್ ಯಂತ್ರದ ವರ್ತನೆ ಬೇರೆ. ಅದರ ಅಲಗಿಗೆ ಎಳೆಯ ದಿಕ್ಕು ಅಷ್ಟಾಗಿ ಅಡ್ಡಿಯಲ್ಲ. ಸೀಳುವುದೂ ಕೊಯ್ಯುವುದೂ 'ಕಟ್ ಮಾಡು' ಎಂಬ ಒಂದೇ ಮಾತಿನಲ್ಲಿ ಅಡಗುತ್ತವೆ.

ಇಲ್ಲಿ ಕ್ಷೇತ್ರಕಾರ್ಯ ನಡೆಸುವವರಿಗೆ ಮತ್ತೊಂದು ತೊಡಕಿದೆ. ಐರಿಗಳ ಮನೆಮಾತು ಕೊಡವ. ಸುತ್ತಲಿನ ಗೌಡ ಮನೆಗಳದು ಅರೆಭಾಷೆ. ಗಡಿಯಾಚೆಯ ತಚ್ಚರದು ಮಲಯಾಳ. ಒಂದೇ ಕುಳಿಗೆ ಮೂರು ಹೆಸರು ದೊರೆಯಬಹುದು. ಪ್ರಶ್ನಾವಳಿ ಹಿಡಿದು 'ಇದಕ್ಕೆ ಏನೆನ್ನುತ್ತಾರೆ' ಎಂದು ಕೇಳುವುದಕ್ಕಿಂತ, ಕೆಲಸ ನಡೆಯುತ್ತಿರುವಾಗ ಪಕ್ಕದಲ್ಲಿದ್ದು ಆಡುವ ಮಾತನ್ನು, ಮಾಡುವ ಕ್ರಿಯೆಯ ಜೊತೆಗೇ ದಾಖಲಿಸಿಕೊಳ್ಳುವುದು ಮೇಲು. ಮಳೆಗಾಲದಲ್ಲಿ ಮಾಡಿನ ಕೆಲಸ ನಿಲ್ಲುವುದರಿಂದ ಪುತ್ತರಿ ಕಳೆದ ಮೇಲಿನ ಒಣ ತಿಂಗಳುಗಳೇ ಇದಕ್ಕೆ ತಕ್ಕ ಕಾಲ.