ನೋವಿಲ್ಲದ ಕುಂಟು: ದೊಡ್ಡ ಮಕ್ಕಳ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ

ಮಗು ನಡೆಯುವಾಗ ಒಂದು ಬದಿಗೆ ವಾಲುತ್ತದೆ, ಆದರೆ ನೋವೆಂದು ಅಳುವುದಿಲ್ಲ. 'ಬೆಳೆಯುತ್ತಾ ಸರಿಹೋಗುತ್ತದೆ' ಎಂದು ಮನೆಯವರು ಸುಮ್ಮನಾಗುತ್ತಾರೆ. ಸೊಂಟದ ಕೀಲು ಜಾರಿರುವ ಮಗುವಿನ ವಿಷಯದಲ್ಲಿ ಈ ಸಮಾಧಾನ ಬಲು ದುಬಾರಿ. ಕಾದಷ್ಟೂ ಶಸ್ತ್ರಚಿಕಿತ್ಸೆ ದೊಡ್ಡದಾಗುತ್ತದೆ. ಕೊನೆಗೆ ಮಾಡದಿರುವುದೇ ಲೇಸು ಎನ್ನುವ ವಯಸ್ಸೂ ಬರುತ್ತದೆ.

ತೊಡೆಯ ಎಲುಬಿನ ಮೇಲ್ತುದಿ ಚೆಂಡಿನಂತೆ ದುಂಡಗಿದ್ದು, ಸೊಂಟದ ಎಲುಬಿನ ಬಟ್ಟಲಿನೊಳಗೆ ಕೂರುತ್ತದೆ. ಚೆಂಡು ಒಳಗಿದ್ದರೆ ಮಾತ್ರ ಬಟ್ಟಲು ಆಳವಾಗಿ ಬೆಳೆಯುತ್ತದೆ. ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಮಕ್ಕಳಲ್ಲಿ, ಗರ್ಭದಲ್ಲಿ ತಲೆ ಮೇಲಾಗಿದ್ದ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಆರು ತಿಂಗಳೊಳಗೆ ಗೊತ್ತಾದರೆ ಕಾಲು ಮಡಚಿ ಅಗಲಿಸಿಡುವ ಪಟ್ಟಿಯಿಂದಲೇ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. (ಮಗುವನ್ನು ಸೊಂಟದ ಮೇಲೆ ಕಾಲಗಲಿಸಿ ಎತ್ತಿಕೊಳ್ಳುವ ನಮ್ಮ ರೂಢಿ ಕೀಲಿಗೆ ಒಳ್ಳೆಯದೇ. ಕಾಲುಗಳನ್ನು ನೇರ ಚಾಚಿ ಬಿಗಿಯಾಗಿ ಬಟ್ಟೆ ಸುತ್ತುವುದು ಒಳ್ಳೆಯದಲ್ಲ.)

ಸುಮಾರು ಒಂದೂವರೆ ವರ್ಷ ದಾಟಿದ ಮೇಲೆ ಸಾಮಾನ್ಯವಾಗಿ ಕೀಲನ್ನು ತೆರೆದೇ ಸರಿಪಡಿಸಬೇಕು. ಬಟ್ಟಲಲ್ಲಿ ತುಂಬಿಕೊಂಡ ಕೊಬ್ಬು, ಅಡ್ಡ ಬಂದ ನಾರುಗಳನ್ನು ತೆಗೆದು ಚೆಂಡನ್ನು ಒಳಗೆ ಕೂರಿಸುತ್ತಾರೆ. ಮಗು ಎರಡು ಮೂರು ವರ್ಷ ದಾಟಿದ್ದರೆ ಸ್ನಾಯುಗಳು ಗಿಡ್ಡವಾಗಿರುತ್ತವೆ. ಎಳೆದು ಕೂರಿಸಿದರೆ ಚೆಂಡಿನ ಮೇಲೆ ಒತ್ತಡ ಬಿದ್ದು ಅದರ ರಕ್ತ ಸಂಚಾರವೇ ನಿಲ್ಲಬಹುದು. ಆದುದರಿಂದ ತೊಡೆಯ ಎಲುಬಿನ ಒಂದು ತುಂಡನ್ನು ಕತ್ತರಿಸಿ ತೆಗೆದು, ಪ್ಲೇಟ್ ಹಾಕಿ ಜೋಡಿಸುತ್ತಾರೆ. ಕಾಲು ಗಿಡ್ಡ ಮಾಡುವುದೇ ಎಂದು ಹೆತ್ತವರು ಗಾಬರಿಯಾಗುವುದು ಸಹಜ. ಆದರೆ ಚೆಂಡನ್ನು ಉಳಿಸುವುದೇ ಈ ತುಂಡು.

ಬಟ್ಟಲು ಚಪ್ಪಟೆಯಾಗಿದ್ದರೆ ಇನ್ನೊಂದು ಕೆಲಸವಿದೆ. ಕೆನಡಾದ ಟೊರೊಂಟೊದ ಡಾ. ರಾಬರ್ಟ್ ಸಾಲ್ಟರ್ 1961ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಬಟ್ಟಲಿನ ಮೇಲ್ಭಾಗದ ಎಲುಬನ್ನು ಕತ್ತರಿಸಿ, ಬಟ್ಟಲನ್ನು ಮುಂದಕ್ಕೂ ಹೊರಕ್ಕೂ ವಾಲಿಸಿ ಚೆಂಡಿಗೆ ಮಾಡು ಮಾಡಿಕೊಡುತ್ತಾರೆ. ಸಂದಿಗೆ ಮಗುವಿನದೇ ಎಲುಬಿನ ತುಂಡನ್ನಿಟ್ಟು ಪಿನ್ ಹಾಕುತ್ತಾರೆ. ಆಮೇಲೆ ಎದೆಯ ಕೆಳಗಿನಿಂದ ಕಾಲಿನವರೆಗೆ ಪ್ಲಾಸ್ಟರ್, ಸಾಧಾರಣ ಆರರಿಂದ ಹನ್ನೆರಡು ವಾರ. ಮಗುವನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಪ್ಲಾಸ್ಟರ್ ಒದ್ದೆಯಾಗದಂತೆ ಮಲಮೂತ್ರ ಮಾಡಿಸುವುದು ಒಬ್ಬ ತಾಯಿಯಿಂದ ಆಗುವ ಕೆಲಸವಲ್ಲ. ಮನೆ ಭೇಟಿಗೆ ಹೋಗುವವರು ಇದನ್ನು ಗಮನಿಸಿದರೆ ಉಪಕಾರ.

ಎಂಟು ವರ್ಷದ ಸುಮಾರಿಗೆ ಲೆಕ್ಕ ಬದಲಾಗುತ್ತದೆ. ಎರಡೂ ಕೀಲು ಜಾರಿದ್ದರೆ ಇನ್ನೂ ಮೊದಲೇ, ಐದಾರು ವರ್ಷಕ್ಕೇ, ವೈದ್ಯರು ಹಿಂಜರಿಯಬಹುದು. ಅಂಥ ಮಗು ಬಾತುಕೋಳಿಯಂತೆ ನಡೆದರೂ ಎರಡು ಕಾಲುಗಳ ಉದ್ದ ಹೆಚ್ಚುಕಡಿಮೆ ಸಮವಿರುತ್ತದೆ. ಶಸ್ತ್ರಚಿಕಿತ್ಸೆಯಿಂದ ಬಿಗಿದುಕೊಂಡ ಕೀಲಿಗಿಂತ ಅದು ವಾಸಿ. ವೈದ್ಯರು ಬೇಡವೆಂದರೆ ಅದು ಕೈಬಿಟ್ಟ ಮಾತಲ್ಲ.

ಹದಿಹರೆಯದವರಲ್ಲಿ ಕೀಲು ಜಾರದೆ ಬಟ್ಟಲು ಮಾತ್ರ ಆಳ ಕಡಿಮೆಯಿದ್ದರೆ, ಆಟ ಓಟದ ನಂತರ ತೊಡೆಸಂದಿಯಲ್ಲಿ ನೋವು ಶುರುವಾಗುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಡಾ. ರೈನ್‌ಹೋಲ್ಡ್ ಗಾಂಜ್ 1984ರಲ್ಲಿ ಆರಂಭಿಸಿದ ಶಸ್ತ್ರಚಿಕಿತ್ಸೆ ಇವರಿಗೆ ಸಲ್ಲುತ್ತದೆ. ಬಟ್ಟಲಿನ ಬೆಳವಣಿಗೆ ಮುಗಿದ ಮೇಲೆಯೇ ಅದನ್ನು ಮಾಡುವುದು.

ಕುಂಟುವ ಮಗುವಿಗೆ ಒಂದು ಎಕ್ಸ್‌ರೇ ಸಾಕು, ಕೀಲು ಜಾರಿದೆಯೋ ಇಲ್ಲವೋ ತಿಳಿಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಈ ತೊಂದರೆಯೂ ಸೇರಿದೆ. ಅಂಗನವಾಡಿಗೆ, ಸರಕಾರಿ ಮತ್ತು ಅನುದಾನಿತ ಶಾಲೆಗೆ ಅವರ ತಂಡ ಬಂದಾಗ ಮಗುವನ್ನು ಮಲಗಿಸಿ ನೋಡಿದರೆ ಸಾಲದು, ನಡೆಸಿ ತೋರಿಸಿ.