ಪ್ಲಾಟಿನಂ ಉಂಗುರಕ್ಕೆ ಮಜೂರಿ ಯಾಕಿಷ್ಟು?

ನಮ್ಮ ಆಫೀಸಿನಲ್ಲಿ ಈಚೆಗೆ ನಿಶ್ಚಿತಾರ್ಥ ಆದವರ ಬೆರಳಲ್ಲೆಲ್ಲ ಪ್ಲಾಟಿನಂ ಜೋಡಿ ಉಂಗುರ. ಜೊತೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: ಗ್ರಾಂ ಲೆಕ್ಕದಲ್ಲಿ ಚಿನ್ನಕ್ಕಿಂತ ಅಗ್ಗ, ಮೇಕಿಂಗ್ ಚಾರ್ಜ್ ಮಾತ್ರ ಯಾಕೆ ಜಾಸ್ತಿ? ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿ ಕೋಡ್ ಬರೆಯುತ್ತಿರುವವನು ನಾನಾದ್ದರಿಂದ ಉತ್ತರ ಹೇಳುವ ಕೆಲಸವೂ ನನ್ನದೇ. ಮುಖ್ಯ ಕಾರಣ, ಶಾಖ.

ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ತಾತನ ಇದ್ದಿಲ ಒಲೆ, ಊದುಕೊಳವೆ, ಮೂಸೆ ಅದಕ್ಕೆ ಸಾಕಾಗುತ್ತಿತ್ತು. ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕು. ಕಬ್ಬಿಣವೇ 1538ಕ್ಕೆ ನೀರಾಗುತ್ತೆ ಅಂದ್ರೆ ನೀವೇ ಅಂದಾಜು ಮಾಡಿ! ಆಕ್ಸಿಜನ್ ಬೆರೆಸಿದ ಉರಿಯಲ್ಲೂ ಕರಗಿಸಬಹುದು, ಆದರೆ ಹತೋಟಿ ಕಷ್ಟ. ಅದಕ್ಕೇ ಇಂಡಕ್ಷನ್ ಯಂತ್ರ.

ನಮ್ಮ ಅಡುಗೆಮನೆಯ ಇಂಡಕ್ಷನ್ ಸ್ಟವ್ ಕೆಲಸ ಮಾಡೋದೂ ಇದೇ ತತ್ವದ ಮೇಲೆ, 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು. ತಾಮ್ರದ ಕೊಳವೆಯ ಸುರುಳಿ, ಅದರ ನಡುವೆ ಮೂಸೆ, ಮೂಸೆಯಲ್ಲಿ ಪ್ಲಾಟಿನಂ. ಸುರುಳಿಯಲ್ಲಿ ಹೈ ಫ್ರೀಕ್ವೆನ್ಸಿ ಕರೆಂಟ್ ಹರಿಸಿದರೆ ಲೋಹದೊಳಗೇ ಸುಳಿ ಸುಳಿಯಾಗಿ ವಿದ್ಯುತ್ ಹುಟ್ಟಿ, ಲೋಹ ಒಳಗಿನಿಂದಲೇ ಕಾಯುತ್ತದೆ. ತಾಮ್ರದ ಕೊಳವೆಯೊಳಗೆ ತಣ್ಣೀರು ಹರಿಯುತ್ತಲೇ ಇರಬೇಕು, ಯಾಕಂದ್ರೆ ತಾಮ್ರ 1085 ಡಿಗ್ರಿಗೇ ಕರಗುವ ಲೋಹ.

ಗ್ರಾಫೈಟ್ ಮೂಸೆ ಚಿನ್ನಕ್ಕೆ ಸರಿ, ಇಲ್ಲಿ ನಡೆಯಲ್ಲ. ಕರಗಿದ ಪ್ಲಾಟಿನಂ ಇಂಗಾಲ ಹೀರಿಕೊಂಡು ಪೆಡಸಾಗಿ, ಆಮೇಲೆ ಬಿರುಕು ಬಿಡಬಹುದು. ಹಾಗಾಗಿ ಸಿಲಿಕಾ ಅಥವಾ ಜಿರ್ಕೋನಿಯಾ ಮೂಸೆ. ಚಿನ್ನದ ಅಚ್ಚಿನ ಜಿಪ್ಸಂ ಈ ಶಾಖ ತಾಳಲ್ಲ, ಫಾಸ್ಫೇಟ್ ಬೆರೆತ ಅಚ್ಚು ಬೇಕು. ಎರಕ ಹೊಯ್ದ ತಕ್ಷಣ ಪ್ಲಾಟಿನಂ ಗಟ್ಟಿಯಾಗತೊಡಗುವುದರಿಂದ ಅನೇಕ ಯಂತ್ರಗಳು ಅಚ್ಚನ್ನು ಗಿರಗಿರ ತಿರುಗಿಸಿ, ಆ ರಭಸಕ್ಕೆ ಲೋಹ ಮೂಲೆಮೂಲೆಗೆ ನುಗ್ಗುವಂತೆ ಮಾಡುತ್ತವೆ.

ಒಮ್ಮೆ ಅಪ್ಪನನ್ನು ಪರಿಚಯದವರ ಎರಕದ ಘಟಕಕ್ಕೆ ಕರೆದೊಯ್ದಿದ್ದೆ. ಕೆಂಡದ ಬಣ್ಣ ನೋಡಿಯೇ ಚಿನ್ನದ ಹದ ಹೇಳುವ ಮನುಷ್ಯ. ಇಲ್ಲಿ ಕಣ್ಣು ಕೋರೈಸುವ ಬೆಳಕು, ಕಪ್ಪು ಕನ್ನಡಕ ಕಡ್ಡಾಯ. "ನನ್ನ ಕಣ್ಣಳತೆಗೆ ಇಲ್ಲಿ ಕೆಲಸ ಇಲ್ಲ ಕಣೋ" ಅಂದರು. ಆಮೇಲೆ ಎರಕದ ಉಂಗುರವನ್ನು ಬೆರಳ ತುದಿಯಲ್ಲಿ ಸವರಿ, "ಇದಕ್ಕಿನ್ನೂ ಅರ ಹಾಕಬೇಕು" ಅಂದರು. ನಿಜ. ಉಜ್ಜಿ ಹೊಳಪು ತರೋದು ಪ್ಲಾಟಿನಂನಲ್ಲಿ ಚಿನ್ನಕ್ಕಿಂತ ಹೆಚ್ಚು ಹೊತ್ತಿನ ಕೆಲಸ. ಅಪ್ಪನಂಥವರು ಆ ಯಂತ್ರ ಕೊಳ್ಳಲಾರರು. ಎರಕ ಹೊರಗೆ ಮಾಡಿಸಿ, ಕೈಕೆಲಸ ತಾವು ಮಾಡಬಹುದು. ನೀವು ಕೊಡುವ ಮಜೂರಿಯಲ್ಲಿ ಇವೆರಡೂ ಸೇರಿರುತ್ತವೆ.

ಕೊಳ್ಳುವ ಮುಂಚೆ ಮೂರು ಮಾತು ಕೇಳಿ. ಶೇ. 95 ಶುದ್ಧತೆಯ 'ಪಿಟಿ 950' ಮುದ್ರೆ ಇದೆಯಾ? ಅಳತೆ ಬದಲಿಸಬೇಕಾದರೆ ಎಲ್ಲಿ ಮಾಡಿಸ್ತೀರಿ? ವಾಪಸ್ ಕೊಟ್ಟರೆ ಎಷ್ಟು ಕಡಿತ? ಚಿನ್ನವನ್ನಾದರೆ ನಮ್ಮ ಬೀದಿಯ ಅಕ್ಕಸಾಲಿಗರೂ ಕರಗಿಸಿಕೊಟ್ಟಾರು. ಪ್ಲಾಟಿನಂಗೆ ಆ ಅನುಕೂಲ ಇಲ್ಲ, ಹಾಗಾಗಿ ಉತ್ತರಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.