ಬಸಿಗಾಲುವೆಯ ನೀರಿನ ಗುಣಮಟ್ಟ: ರೈತರಿಂದಲೇ ಪರಿಶೀಲನೆ

ತುಂಗಭದ್ರಾ ಎಡದಂಡೆ ಕಾಲುವೆಯಿಂದ 1953ರ ನಂತರ ಕೊಪ್ಪಳ ಹಾಗೂ ರಾಯಚೂರು ಜಿಲ್ಲೆಗಳ ಎರೆಭೂಮಿಗೆ ನೀರಾವರಿ ಸೌಲಭ್ಯ ದೊರೆಯಿತು. ಮಿತ ನೀರಿನ ಬೆಳೆಗಳಿಗೆ ರೂಪಿಸಲಾದ ಈ ಯೋಜನೆಯಲ್ಲಿ ಭತ್ತದ ಕ್ಷೇತ್ರವು ವಿಸ್ತರಿಸಿದ್ದರಿಂದ ಹಲವೆಡೆ ಜಮೀನು ಸವಳು-ಜವಳಾಗಿದೆ. ಗದ್ದೆಯ ಹೆಚ್ಚುವರಿ ನೀರನ್ನು ಹಳ್ಳಕ್ಕೆ ಸಾಗಿಸುವ ಬಸಿಗಾಲುವೆಯು ಇಂತಹ ಜಮೀನಿನ ರಕ್ಷಣೆಗೆ ಅತ್ಯವಶ್ಯಕವಾಗಿದೆ.

ಪರಿಶೀಲನೆ ಏಕೆ ಅಗತ್ಯ?

ಕಾಲುವೆಯ ಕೊನೆಯ ಭಾಗದ ರೈತರು ನೀರಿನ ಕೊರತೆಯಾದಾಗ ಬಸಿಗಾಲುವೆಯ ನೀರನ್ನೇ ಪೈರಿಗೆ ಹಾಯಿಸುವುದುಂಟು. ಆ ನೀರು ಮೇಲ್ಭಾಗದ ಗದ್ದೆಗಳ ಲವಣ, ಗೊಬ್ಬರ ಮತ್ತು ಕೀಟನಾಶಕಗಳ ಅಂಶವನ್ನು ಹೊತ್ತು ತರುತ್ತದೆ. ತಿಳಿಯಾಗಿ ಕಾಣುವ ನೀರಿನಲ್ಲಿಯೂ ಲವಣ ಹೆಚ್ಚಿರಬಹುದು. ಒಂದು ಹಂಗಾಮಿನ ಪೈರನ್ನು ಉಳಿಸಲು ಹಾಯಿಸಿದ ನೀರು ಮುಂದಿನ ಹಂಗಾಮುಗಳಿಗೆ ಜಮೀನನ್ನೇ ಕೆಡಿಸುವ ಸಂಭವವಿರುತ್ತದೆ.

ಸ್ಥಳದಲ್ಲಿಯೇ ಗಮನಿಸಬೇಕಾದ ಅಂಶಗಳು

1. ಮೀನುಮರಿ, ಗೊದಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಮುಂತಾದ ವಿವಿಧ ಜೀವಿಗಳಿದ್ದಲ್ಲಿ ನೀರಿನ ಆರೋಗ್ಯ ಉತ್ತಮವಾಗಿದೆ ಎಂದು ಭಾವಿಸಬಹುದು.
2. ಕೆಸರಿನಲ್ಲಿ ಕೆಂಪು ಹುಳುಗಳು ಮಾತ್ರ ಕಂಡುಬಂದು, ಕೊಳೆತ ಮೊಟ್ಟೆಯ ವಾಸನೆ ಬಂದಲ್ಲಿ ಆಮ್ಲಜನಕದ ಕೊರತೆ ಇರುತ್ತದೆ.
3. ಪಾಚಿ, ಅಂತರಗಂಗೆ ದಟ್ಟವಾಗಿದ್ದಲ್ಲಿ ಗೊಬ್ಬರದ ಸಾರಜನಕ ಹಾಗೂ ರಂಜಕವು ಗದ್ದೆಯಿಂದ ಹರಿದುಬರುತ್ತಿರುವ ಸಾಧ್ಯತೆ ಇದೆ. ಕಳೆಯು ಹರಿವಿಗೆ ತಡೆಯೊಡ್ಡಿ ಮೇಲ್ಭಾಗದ ಜಮೀನಿನಲ್ಲಿ ಜವಳು ಉಂಟುಮಾಡುತ್ತದೆ.
4. ದಂಡೆಯಲ್ಲಿ ಬಿಳಿ ಪದರ ಕಂಡುಬಂದಲ್ಲಿ ಅದು ಲವಣ ಸಂಗ್ರಹದ ಸೂಚನೆಯಾಗಿರುತ್ತದೆ.
5. ಔಷಧ ಸಿಂಪಡಣೆಯ ನಂತರ ಮೀನುಗಳು ಸತ್ತಲ್ಲಿ ಜಾನುವಾರುಗಳಿಗೆ ಆ ನೀರನ್ನು ಕುಡಿಸಬಾರದು.

ಪ್ರಯೋಗಾಲಯದ ಪರೀಕ್ಷೆ

ನೀರಾವರಿ ನೀರಿನ ರಸಸಾರವು ಸಾಮಾನ್ಯವಾಗಿ 6.5ರಿಂದ 8.4ರೊಳಗೆ ಇರಬೇಕು. ಲವಣಾಂಶವನ್ನು ಸೂಚಿಸುವ ವಿದ್ಯುತ್ ವಾಹಕತೆಯು ಪ್ರತಿ ಮೀಟರಿಗೆ 0.7 ಡೆಸಿಸೀಮನ್ಸ್‌ಗಿಂತ ಕಡಿಮೆ ಇದ್ದಲ್ಲಿ ಲವಣದ ತೊಂದರೆ ಇರುವುದಿಲ್ಲ, 0.7ರಿಂದ 3.0ರವರೆಗೆ ಎಚ್ಚರಿಕೆ ಅಗತ್ಯ, 3.0ಕ್ಕಿಂತ ಹೆಚ್ಚಿದ್ದಲ್ಲಿ ತೀವ್ರ ತೊಂದರೆ ಉಂಟಾಗುತ್ತದೆ. ಭತ್ತದ ಪೈರು ಸಸಿ ಹಾಗೂ ಹೂವಾಡುವ ಹಂತಗಳಲ್ಲಿ ಲವಣಕ್ಕೆ ಬೇಗನೆ ತುತ್ತಾಗುತ್ತದೆ. ಎರೆಭೂಮಿಯಲ್ಲಿ ನೀರು ಸುಲಭವಾಗಿ ಬಸಿಯದ ಕಾರಣ ಸೋಡಿಯಂ ಪ್ರಮಾಣವನ್ನೂ ಪರೀಕ್ಷಿಸುವುದು ಸೂಕ್ತ.

ಮಾದರಿ ಸಂಗ್ರಹಿಸುವ ವಿಧಾನ

• ಔಷಧ ಅಥವಾ ಗೊಬ್ಬರ ತುಂಬಿದ್ದ ಡಬ್ಬಿಗಳನ್ನು ಬಳಸಬಾರದು.
• ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು, ಹರಿವಿನ ನಡುಭಾಗದಿಂದ ಸುಮಾರು ಒಂದು ಲೀಟರ್ ನೀರನ್ನು ತುಂಬಿಸಬೇಕು.
• ಗ್ರಾಮ, ಸರ್ವೆ ನಂಬರು, ದಿನಾಂಕ, ವೇಳೆ ಹಾಗೂ ಬೆಳೆಯ ಹಂತವನ್ನು ಚೀಟಿಯಲ್ಲಿ ನಮೂದಿಸಿ ಶೀಘ್ರವಾಗಿ ಪ್ರಯೋಗಾಲಯಕ್ಕೆ ತಲುಪಿಸಬೇಕು.

ಪ್ರತಿ ಬಾರಿಯೂ ಅದೇ ಸ್ಥಳ ಹಾಗೂ ಅದೇ ವೇಳೆಯಲ್ಲಿ ಗಮನಿಸಿ ವಿವರಗಳನ್ನು ಪುಸ್ತಕದಲ್ಲಿ ದಾಖಲಿಸಿದಲ್ಲಿ ಬದಲಾವಣೆಯು ಮುಂಚಿತವಾಗಿ ತಿಳಿಯುತ್ತದೆ. ಬಸಿಗಾಲುವೆಯು ಹಲವರ ಜಮೀನುಗಳ ಮೂಲಕ ಹಾದುಹೋಗುವುದರಿಂದ, ನೀರು ಬಳಕೆದಾರರ ಸಹಕಾರ ಸಂಘದ ಸದಸ್ಯರು ಒಟ್ಟಾಗಿ ಈ ಕಾರ್ಯ ಕೈಗೊಳ್ಳುವುದು ಹೆಚ್ಚು ಉಪಯುಕ್ತ.

ಪರೀಕ್ಷೆಯ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.